ದೊಡ್ಡ ಎಂಜಿನ್‌ಗೆ ತಕ್ಕ ಗೋ-ಕಾರ್ಟ್ ಚಾಸಿ: ಆಯ್ಕೆ ಮಾಡುವುದು ಹೇಗೆ?

ಸ್ವಂತಕ್ಕೊಂದು ಗೋ-ಕಾರ್ಟ್ ಕಟ್ಟಿಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ತರುವುದು ಎಂಜಿನ್. ಗುಜರಿಯಲ್ಲಿ ಸಿಕ್ಕ ಹಳೆಯ ಬೈಕಿನದೋ, ಜನರೇಟರಿನಿಂದ ಕಳಚಿದ್ದೋ, ಅಂತೂ ಒಂದು ಎಂಜಿನ್ ಅಂಗಳಕ್ಕೆ ಬಂದು ಬಿದ್ದ ಮೇಲೆ ಅದನ್ನು ಕೂರಿಸಲು ಚೌಕಟ್ಟಿನ ಹುಡುಕಾಟ ಆರಂಭವಾಗುತ್ತದೆ. ಸಣ್ಣ ಎಂಜಿನ್ ಆದರೆ ಈ ಕ್ರಮದಿಂದ ಅಂಥ ಅಪಾಯವೇನೂ ಇಲ್ಲ. ಎಂಜಿನ್ ದೊಡ್ಡದಾದಂತೆ ಮಾತ್ರ ಕ್ರಮ ತಿರುಗುಮುರುಗಾಗಬೇಕಾಗುತ್ತದೆ. ಯಾವ ಚಾಸಿ ದೊರೆಯುತ್ತದೆ, ಅದು ಎಷ್ಟು ಭಾರ ಮತ್ತು ಎಷ್ಟು ವೇಗಕ್ಕಾಗಿ ರೂಪುಗೊಂಡಿದೆ ಎಂಬುದನ್ನು ತಿಳಿದ ಬಳಿಕವೇ ಎಂಜಿನ್ ಮಾತು.

ಕಾರಣ ಸರಳ. ಕಾರಿನ ಚಾಸಿ ಎಂಜಿನ್ ಮತ್ತು ದೇಹವನ್ನು ಹೊರುತ್ತದೆ. ನೆಲದ ಏರಿಳಿತ ಹಾಗೂ ತಿರುವಿನ ಒತ್ತಡವನ್ನು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್‌ಗಳು ನೋಡಿಕೊಳ್ಳುತ್ತವೆ. ಗೋ-ಕಾರ್ಟ್‌ನಲ್ಲಿ ಇವೆರಡೂ ಇಲ್ಲ. ಅಲ್ಲಿ ಚಾಸಿಯೇ ಸಸ್ಪೆನ್ಷನ್. ಅದರ ಮೇಲೆ ಹೇರುವ ಪ್ರತಿಯೊಂದು ಕಿಲೋ ತೂಕವೂ ವಾಹನ ತಿರುಗುವ ರೀತಿಯನ್ನೇ ಬದಲಿಸುತ್ತದೆ. ಇದನ್ನು ಮರೆತು ಎಂಜಿನ್ ಏರಿಸಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಟ್ರ್ಯಾಕಿನ ಮೊದಲ ತಿರುವಿನಲ್ಲೇ ನಿಜವಾಗುತ್ತದೆ.

ಹುಲ್ಲು ಕತ್ತರಿಸುವ ಯಂತ್ರದಿಂದ ಆರಂಭ

ಈ ವಾಹನ ಹುಟ್ಟಿದ್ದೇ ಸಣ್ಣ ಎಂಜಿನ್‌ಗಾಗಿ. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಸ್ ಕಾರು ತಯಾರಿಸುವ ಕರ್ಟಿಸ್ ಕ್ರಾಫ್ಟ್ ಸಂಸ್ಥೆಯಲ್ಲಿದ್ದ ಆರ್ಟ್ ಇಂಗೆಲ್ಸ್ ಎಂಬಾತ ತನ್ನ ಗೆಳೆಯ ಲೂ ಬೊರೆಲ್ಲಿಯೊಂದಿಗೆ ಸೇರಿ ಮೊದಲ ಕಾರ್ಟ್ ಕಟ್ಟಿದ. ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟಿಗೆ ಜೋಡಿಸಿದ್ದು ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಯಾರಾಗಿದ್ದ ವೆಸ್ಟ್ ಬೆಂಡ್ ಎಂಜಿನ್. ಶಕ್ತಿ ಸುಮಾರು ಎರಡೂವರೆ ಅಶ್ವಶಕ್ತಿ. ಕ್ರೀಡೆ ಬೇಗನೆ ಬೆಳೆಯಿತು. 1962ರಲ್ಲಿ ಅಂತರರಾಷ್ಟ್ರೀಯ ಆಟೊಮೊಬೈಲ್ ಒಕ್ಕೂಟ ಎಫ್‌ಐಎ ಕಾರ್ಟಿಂಗ್‌ಗೆಂದೇ ಸಿಐಕೆ ಎಂಬ ಆಯೋಗವನ್ನು ಸ್ಥಾಪಿಸಿತು. ಎಂಜಿನ್‌ಗಳ ಶಕ್ತಿ ಹತ್ತಾರು ಪಟ್ಟು ಹೆಚ್ಚಿದರೂ ಇಂಗೆಲ್ಸ್‌ನ ಮೂಲ ಕಲ್ಪನೆಯ ಎರಡು ಅಂಶಗಳು ಉಳಿದುಕೊಂಡವು. ಸಸ್ಪೆನ್ಷನ್ ಇಲ್ಲ, ಡಿಫರೆನ್ಷಿಯಲ್ ಇಲ್ಲ.

ಡಿಫರೆನ್ಷಿಯಲ್ ಇಲ್ಲವೆಂದರೆ ಹಿಂದಿನ ಎರಡೂ ಚಕ್ರಗಳು ಒಂದೇ ಅಚ್ಚಿಗೆ ಬಿಗಿದುಕೊಂಡಿವೆ ಎಂದರ್ಥ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಸಾಗಬೇಕು, ಒಳಗಿನದು ಕಡಿಮೆ ದೂರ. ಅಚ್ಚು ಒಂದೇ ಆದ್ದರಿಂದ ಅದು ಸಾಧ್ಯವಿಲ್ಲ. ಎರಡೂ ಚಕ್ರ ನೆಲ ಕಚ್ಚಿಕೊಂಡೇ ಇದ್ದರೆ ಕಾರ್ಟ್ ತಿರುಗದೆ ನೇರಕ್ಕೆ ನುಗ್ಗುತ್ತದೆ. ಇದಕ್ಕೆ ಕಾರ್ಟ್ ವಿನ್ಯಾಸಕರು ಕಂಡುಕೊಂಡಿರುವ ಉಪಾಯವೆಂದರೆ ತಿರುವಿನಲ್ಲಿ ಒಳಗಿನ ಹಿಂಚಕ್ರವನ್ನು ಕ್ಷಣಕಾಲ ನೆಲದಿಂದ ಎತ್ತಿಬಿಡುವುದು.

ಎತ್ತುವವರು ಯಾರು? ಸ್ಟಿಯರಿಂಗ್. ಮುಂಚಕ್ರಗಳ ತಿರುಗುಗೂಟವನ್ನು ಹಿಂದಕ್ಕೆ ಓರೆಯಾಗಿ ಕೂರಿಸಿರುತ್ತಾರೆ. ಇದಕ್ಕೆ ಕ್ಯಾಸ್ಟರ್ ಕೋನವೆನ್ನುತ್ತಾರೆ. ಈ ಓರೆಯಿಂದಾಗಿ ಸ್ಟಿಯರಿಂಗ್ ತಿರುಗಿಸಿದೊಡನೆ ಒಳಗಿನ ಮುಂಚಕ್ರ ಚಾಸಿಗಿಂತ ಕೆಳಕ್ಕೂ ಹೊರಗಿನದು ಮೇಲಕ್ಕೂ ಸರಿಯುತ್ತದೆ. ನಾಲ್ಕು ಕಾಲಿನ ಮೇಜಿನ ಒಂದು ಕಾಲಿನಡಿ ಚಕ್ಕೆ ಇಟ್ಟಂತೆ ಭಾರವೆಲ್ಲ ಒಂದು ಕರ್ಣದ ಮೇಲೆ ಬೀಳುತ್ತದೆ, ಒಳಗಿನ ಹಿಂಚಕ್ರ ಹಗುರಾಗುತ್ತದೆ. ಚಾಸಿಯ ಕೊಳವೆಗಳು ಎಷ್ಟು ತಿರುಚಿಕೊಳ್ಳುತ್ತವೆ ಎಂಬುದರ ಮೇಲೆ ಆ ಚಕ್ರ ಎಷ್ಟು ಏಳಬೇಕು, ಎಷ್ಟು ಹೊತ್ತು ಏಳಬೇಕು, ಯಾವಾಗ ಮರಳಿ ನೆಲಕ್ಕಿಳಿಯಬೇಕು ಎಂಬುದು ನಿರ್ಧಾರವಾಗುತ್ತದೆ.

ಸಣ್ಣ ಎಂಜಿನ್‌ನ ಕಾರ್ಟ್‌ಗೆ ತಿರುವಿನಲ್ಲಿ ವೇಗ ಕಳೆದುಕೊಳ್ಳದಿರುವುದೇ ಮುಖ್ಯ. ಕಳೆದುಕೊಂಡ ವೇಗವನ್ನು ಮರಳಿ ಗಳಿಸುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಅಡೆತಡೆಯಿಲ್ಲದೆ ಉರುಳುವ ಚಾಸಿ ಬೇಕು. ದೊಡ್ಡ ಎಂಜಿನ್‌ನ ಕಥೆ ಬೇರೆ. ತಿರುವಿನಿಂದ ಹೊರಬೀಳುವಾಗ ಅದರ ಬಲವನ್ನೆಲ್ಲ ನೆಲಕ್ಕೆ ಮುಟ್ಟಿಸಲು ಎತ್ತಿದ ಚಕ್ರ ಬೇಗ ಕೆಳಗಿಳಿಯಬೇಕು. ಒಂದೇ ಚಾಸಿ ಎರಡನ್ನೂ ಚೆನ್ನಾಗಿ ಮಾಡಲಾರದು.

'ದೊಡ್ಡದು' ಎಂದರೆ ಏನು?

ಅಂಗಡಿಯವರು ಹೇಳುವ ಸಿಸಿ ಸಂಖ್ಯೆ ಇಲ್ಲಿ ದಾರಿ ತಪ್ಪಿಸುತ್ತದೆ. 389 ಸಿಸಿಯ ಹೋಂಡಾ ಜಿಎಕ್ಸ್390 ಎಂಜಿನ್‌ನ ಶಕ್ತಿಯನ್ನು ಹಿಂದೆ 13 ಅಶ್ವಶಕ್ತಿ ಎಂದು ಹೇಳಲಾಗುತ್ತಿತ್ತು. ಅಳತೆಯ ಕ್ರಮ ಬದಲಾದ ಬಳಿಕ 11.7 ಎಂದು ನಮೂದಿಸಲಾಗುತ್ತಿದೆ. 1997ರಲ್ಲಿ ಬಂದ ಆಸ್ಟ್ರಿಯಾದ ರೋಟಾಕ್ಸ್ ಮ್ಯಾಕ್ಸ್ ಎಂಜಿನ್ ಕೇವಲ 125 ಸಿಸಿಯದು, ಆದರೆ ನಿಮಿಷಕ್ಕೆ 11,500 ಸುತ್ತುಗಳಲ್ಲಿ ಸುಮಾರು 30 ಅಶ್ವಶಕ್ತಿ ನೀಡುತ್ತದೆ. ಅದೇ 125 ಸಿಸಿಯ, ಆರು ಗಿಯರ್‌ಗಳ ಕೆಜೆಡ್ ವರ್ಗದ ಎಂಜಿನ್‌ಗಳು 45ರ ಆಚೆಗೂ ಹೋಗುತ್ತವೆ. ಹಾಗಾದರೆ ದೊಡ್ಡದು ಯಾವುದು? ಚಾಸಿಯ ದೃಷ್ಟಿಯಿಂದ ಎರಡೂ ದೊಡ್ಡವೇ. ಒಂದು ತೂಕದಲ್ಲಿ, ಇನ್ನೊಂದು ವೇಗದಲ್ಲಿ. ಅವೆರಡಕ್ಕೆ ಬೇಕಾದ ಚಾಸಿಗಳೂ ಬೇರೆ ಬೇರೆ.

ಮೊದಲು ತೂಕದ ವಿಚಾರ. ಮನರಂಜನಾ ಕಾರ್ಟ್‌ಗಳಲ್ಲಿ ಸಾಮಾನ್ಯವಾಗಿರುವ ಜಿಎಕ್ಸ್200 ಎಂಜಿನ್ ಸುಮಾರು 16 ಕಿ.ಗ್ರಾಂ. ಇದೆ. ಜಿಎಕ್ಸ್390 ಅದರ ಇಮ್ಮಡಿ, ಸುಮಾರು 32 ಕಿ.ಗ್ರಾಂ. ಹದಿನಾರು ಕಿಲೋ ಹೆಚ್ಚಳವೇನು ಮಹಾ ಎನಿಸಬಹುದು. ಲೆಕ್ಕ ಹಾಕಿ ನೋಡೋಣ. ಎಂಜಿನ್ ಕೂರುವುದು ಚಾಲಕನ ಬಲಪಕ್ಕದಲ್ಲಿ, ಕಾರ್ಟ್‌ನ ನಡುಗೆರೆಯಿಂದ ಹೆಚ್ಚುಕಡಿಮೆ 38 ಸೆಂ.ಮೀ. ದೂರದಲ್ಲಿ. ಈ ಹೆಚ್ಚುವರಿ ಭಾರವನ್ನು ಸರಿದೂಗಿಸಲು 70 ಕಿಲೋ ತೂಕದ ಚಾಲಕ ಎಡಕ್ಕೆ ಸುಮಾರು 9 ಸೆಂ.ಮೀ. ಸರಿದು ಕೂರಬೇಕು. ಸೀಟನ್ನು ಅಷ್ಟು ಸರಿಸಲು ಸಾಮಾನ್ಯ ರೇಸಿಂಗ್ ಚಾಸಿಯಲ್ಲಿ ಜಾಗವೇ ಇರುವುದಿಲ್ಲ. ಎಡಕ್ಕೆ ಬ್ರೇಕ್ ಡಿಸ್ಕ್ ಇದೆ, ಮುಂದೆ ಸ್ಟಿಯರಿಂಗ್ ಕಂಬವಿದೆ.

ಮುಂದು-ಹಿಂದಿನ ಸಮತೋಲವೂ ಕೆಡುತ್ತದೆ. ಚಾಲಕನೂ ಸೇರಿದಂತೆ ತೂಕದ ಸುಮಾರು ಶೇ 43ರಷ್ಟು ಮುಂಚಕ್ರಗಳ ಮೇಲೆ, ಶೇ 57ರಷ್ಟು ಹಿಂಚಕ್ರಗಳ ಮೇಲೆ ಇರಬೇಕೆಂಬುದು ಕಾರ್ಟ್ ತಂತ್ರಜ್ಞರ ವಾಡಿಕೆ. 160 ಕಿಲೋ ಕಾರ್ಟ್‌ನ ಹಿಂಭಾಗಕ್ಕೆ 16 ಕಿಲೋ ಸೇರಿಸಿದರೆ ಮುಂದಿನ ಪಾಲು ಶೇ 41ರ ಆಸುಪಾಸಿಗೆ ಇಳಿಯುತ್ತದೆ. ಮುಂಚಕ್ರಗಳಿಗೆ ಹಿಡಿತ ಸಾಲದೆ ಸ್ಟಿಯರಿಂಗ್ ತಿರುಗಿಸಿದರೂ ವಾಹನ ಹೊರಕ್ಕೆ ಜಾರುತ್ತದೆ. ಚಾಲಕ ಇನ್ನಷ್ಟು ತಿರುಗಿಸುತ್ತಾನೆ. ಮುಂಚಕ್ರ ಒಮ್ಮೆಲೇ ಹಿಡಿತ ಪಡೆದಾಗ ಕಾರ್ಟ್ ಬುಗುರಿಯಂತೆ ಸುತ್ತುತ್ತದೆ.

ಬ್ರಿಟನ್ನಿನ ಪ್ರೊ-ಕಾರ್ಟ್ ವರ್ಗದಲ್ಲಿ ಇದಕ್ಕೊಂದು ಜಾಣ ಪರಿಹಾರವಿದೆ. ಅಲ್ಲಿ ಒಂದು ದೊಡ್ಡ ಎಂಜಿನ್ ಬದಲು 160 ಸಿಸಿಯ ಎರಡು ಹೋಂಡಾ ಎಂಜಿನ್‌ಗಳನ್ನು ಎಡಬಲಗಳಲ್ಲಿ ಕೂರಿಸುತ್ತಾರೆ. ಹಲವು ಗಂಟೆಗಳ ದೀರ್ಘ ಓಟಗಳಲ್ಲಿ ಒಂದು ಕೈಕೊಟ್ಟರೂ ಇನ್ನೊಂದರಿಂದ ಸಾಗಬಹುದು. ಇದಕ್ಕೂ ಚಾಸಿಯ ಎರಡೂ ಪಕ್ಕದಲ್ಲಿ ಎಂಜಿನ್ ಕೊಳವೆಗಳಿರಬೇಕಷ್ಟೆ.

ಕೊಳವೆಯ ಲೆಕ್ಕ

ರೇಸಿಂಗ್ ಚಾಸಿಗಳನ್ನು 28, 30 ಅಥವಾ 32 ಮಿ.ಮೀ. ವ್ಯಾಸದ ದುಂಡು ಕೊಳವೆಗಳಿಂದ ಕಟ್ಟುತ್ತಾರೆ. ಗೋಡೆಯ ದಪ್ಪ ಸುಮಾರು 2 ಮಿ.ಮೀ. ಎರಡು ಮಿ.ಮೀ. ವ್ಯತ್ಯಾಸ ಕಣ್ಣಿಗೆ ಕಾಣುವುದು ಕಡಿಮೆ, ಪರಿಣಾಮ ದೊಡ್ಡದು. ಕೊಳವೆ ತಿರುಚುವಿಕೆಗೆ ಒಡ್ಡುವ ಪ್ರತಿರೋಧ ವ್ಯಾಸದೊಂದಿಗೆ ಬಹುವೇಗವಾಗಿ ಏರುತ್ತದೆ. 28ರಿಂದ 30ಕ್ಕೆ ಹೋದರೆ ಬಿಗಿತ ಸುಮಾರು ಶೇ 25ರಷ್ಟು, 30ರಿಂದ 32ಕ್ಕೆ ಹೋದರೆ ಸುಮಾರು ಶೇ 23ರಷ್ಟು ಹೆಚ್ಚುತ್ತದೆ. ನಮ್ಮ ವಿದ್ಯಾರ್ಥಿಗಳು ಅಭ್ಯಾಸಬಲದಿಂದ ಆರಿಸಿಕೊಳ್ಳುವ ಒಂದು ಇಂಚಿನ ಕೊಳವೆಯ ಬಿಗಿತ, ಅದೇ ದಪ್ಪದ ಗೋಡೆಯಿದ್ದರೂ, 30 ಮಿ.ಮೀ. ಕೊಳವೆಯ ಶೇ 58ರಷ್ಟು ಮಾತ್ರ. 13 ಅಶ್ವಶಕ್ತಿಯ ಎಂಜಿನ್ ಏರಿಸಲು ಹೊರಟವರು ಗಮನಿಸಬೇಕಾದ ಅಂಕಿ ಇದು.

ಉಕ್ಕಿನ ಬಗೆಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಕ್ರೋಮ್-ಮಾಲಿಬ್ಡಿನಮ್ ಉಕ್ಕು, ಅಂದರೆ ವೃತ್ತಿಪರ ಚಾಸಿಗಳಲ್ಲಿ ಬಳಸುವ ಕ್ರೋಮೋಲಿ, ಹೆಚ್ಚು 'ಗಟ್ಟಿ' ಎಂಬ ನಂಬಿಕೆ. ಒಂದೇ ಅಳತೆಯ ಕ್ರೋಮೋಲಿ ಕೊಳವೆಯೂ ಸಾಧಾರಣ ಮೈಲ್ಡ್ ಸ್ಟೀಲ್ ಕೊಳವೆಯೂ ಒಂದೇ ಬಲಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಾಗುತ್ತವೆ. ವ್ಯತ್ಯಾಸವಿರುವುದು ಆಮೇಲೆ. ಮೈಲ್ಡ್ ಸ್ಟೀಲ್ ಒಂದು ಮಿತಿ ದಾಟಿದ ಮೇಲೆ ಬಾಗಿದಂತೆಯೇ ಉಳಿಯುತ್ತದೆ, ಕ್ರೋಮೋಲಿ ಮತ್ತೆ ಮೊದಲಿನ ಆಕಾರಕ್ಕೆ ಮರಳುತ್ತದೆ. ಸಾವಿರಾರು ಸಲ ತಿರುಚಿ ಮರಳಬೇಕಾದ ಚಾಸಿಗೆ ಈ ಗುಣವೇ ಪ್ರಾಣ. ನೀರಿನ ಜಿಐ ಪೈಪಿನ ಚಾಸಿ ಕೆಲವೇ ದಿನಗಳಲ್ಲಿ ಸೊಟ್ಟಗಾಗುವುದಕ್ಕೂ ಕಾರಣ ಇದೇ. ಮೇಲಾಗಿ ಸತುವಿನ ಲೇಪವಿರುವ ಆ ಪೈಪನ್ನು ಬೆಸೆಯುವಾಗ ಏಳುವ ಹೊಗೆ ಆರೋಗ್ಯಕ್ಕೆ ಹಾನಿಕರ.

ಹಾಗಾದರೆ ದೊಡ್ಡ ಎಂಜಿನ್‌ಗೆ ಅತ್ಯಂತ ಬಿಗಿಯಾದ ಚಾಸಿಯೇ ಸರಿಯಲ್ಲವೇ? ಅಲ್ಲ. ಇಲ್ಲಿಯೇ ಹಲವರು ಎಡವುವುದು. ಹಗುರ ಚಾಸಿಗೆ ಅಡ್ಡಪಟ್ಟಿ, ಮೂಲೆಪಟ್ಟಿಗಳನ್ನು ಬೆಸೆದು ಬಲಪಡಿಸಿದರೆ ಅದು ತಿರುಚಿಕೊಳ್ಳುವುದನ್ನೇ ನಿಲ್ಲಿಸುತ್ತದೆ. ಒಳಗಿನ ಹಿಂಚಕ್ರ ಯದ್ವಾತದ್ವಾ ಎಗರುತ್ತದೆ, ಇಲ್ಲವೇ ಏಳುವುದೇ ಇಲ್ಲ. ಕಾಲೇಜೊಂದರ ಅಂಗಳದಲ್ಲಿ ಈ ವರದಿಗಾರ ಕಂಡ ಕಾರ್ಟ್ ಒಂದಕ್ಕೆ ಚೌಕ ಕೊಳವೆಗಳಿಂದ ಸೇತುವೆಯಂಥ ಚೌಕಟ್ಟು ಕಟ್ಟಲಾಗಿತ್ತು. ಎಂಜಿನ್ ಸೊಗಸಾಗಿ ಗುಡುಗಿತು. ತಿರುವಿನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿದ್ದರೂ ವಾಹನ ನೇರವಾಗಿ ಹುಲ್ಲಿಗೆ ಹೋಯಿತು. ಬೆಸೆದ ಪಟ್ಟಿಗಳ ಇನ್ನೊಂದು ಕೇಡೆಂದರೆ, ಚಾಸಿಯ ಉದ್ದಕ್ಕೂ ಹಂಚಿಹೋಗಬೇಕಾದ ತಿರುಚುವಿಕೆ ಪಟ್ಟಿ ಮುಗಿಯುವ ಜಾಗದಲ್ಲಿ ಒಟ್ಟಾಗಿ, ಅಲ್ಲೇ ಬಿರುಕು ಮೂಡುತ್ತದೆ.

ಯಾವ ಎಂಜಿನ್‌ಗೆ ಯಾವ ವರ್ಗ?

ಭಾರವಾದ, ನಿಧಾನಗತಿಯ ಫೋರ್-ಸ್ಟ್ರೋಕ್ ಎಂಜಿನ್‌ಗೆ ಅತ್ಯಂತ ಹೊಂದುವುದು ಬಾಡಿಗೆ ಕಾರ್ಟ್‌ಗಳ ಚಾಸಿ. ನೋಡಲು ದಪ್ಪ, ಸುತ್ತಲೂ ಬಂಪರ್, ತೂಕವೂ ಹೆಚ್ಚು. ರೇಸ್‌ಪ್ರಿಯರು ಮೂಗು ಮುರಿಯುತ್ತಾರೆ. ಆದರೆ 200, 270, 390 ಸಿಸಿ ಎಂಜಿನ್‌ಗಳ ಭಾರ ಹಾಗೂ ಅದುರುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಅವುಗಳನ್ನು ರೂಪಿಸಿರುತ್ತಾರೆ. ಒಂಟಿ ಸಿಲಿಂಡರ್‌ನ ದೊಡ್ಡ ಎಂಜಿನ್ ಅದುರುವ ಪರಿಯನ್ನು ಅನುಭವಿಸಿದವರೇ ಬಲ್ಲರು. ಸೂಕ್ಷ್ಮವಾದ ರೇಸಿಂಗ್ ಚಾಸಿಯಲ್ಲಿ ಅದು ಮೊದಲು ನಟ್ಟುಗಳನ್ನು, ಆಮೇಲೆ ಬೆಸುಗೆಗಳನ್ನು ಸಡಿಲಿಸುತ್ತದೆ.

ರೋಟಾಕ್ಸ್ ಮಾದರಿಯ, ಗಿಯರ್ ಇಲ್ಲದ ಟು-ಸ್ಟ್ರೋಕ್ ಎಂಜಿನ್‌ಗೆ 30 ಅಥವಾ 32 ಮಿ.ಮೀ. ಕೊಳವೆಯ ಸಾಮಾನ್ಯ ರೇಸಿಂಗ್ ಚಾಸಿ ಸಾಕು. ಬೆಂಗಳೂರಿನ ಮೆಕೊ ಕಾರ್ಟೋಪಿಯಾ ಟ್ರ್ಯಾಕಿನಲ್ಲಿ ರಾಷ್ಟ್ರೀಯ ರೋಟಾಕ್ಸ್ ಮ್ಯಾಕ್ಸ್ ಚಾಂಪಿಯನ್‌ಷಿಪ್‌ನ ಸುತ್ತುಗಳು ನಡೆದಿರುವುದರಿಂದ ರಾಜ್ಯದ ಆಸಕ್ತರಿಗೆ ಈ ಬಗೆಯ ಕಾರ್ಟ್‌ಗಳ ಪರಿಚಯವಿದೆ. ಇಂಥ ಚಾಸಿಯ ಮೇಲೆ ಬೈಕಿನ ಗಿಯರ್ ಎಂಜಿನ್ ಕೂರಿಸುವ ಆಸೆ ಸಹಜ. ಆದರೆ ಗಿಯರ್ ಪೆಟ್ಟಿಗೆ ಸೇರಿದ ಎಂಜಿನ್ ಹೆಚ್ಚು ಅಗಲ. ಅದು ಸೀಟಿಗೆ ತಾಗುತ್ತದೆ, ಇಲ್ಲವೇ ಚಕ್ರಕ್ಕೆ. ಕೆಜೆಡ್ ವರ್ಗದ ಚಾಸಿಯಲ್ಲಿ ಬಲಪಕ್ಕದ ಕೊಳವೆಗಳನ್ನು ಇದಕ್ಕೆಂದೇ ಬೇರೆ ರೀತಿ ಬಾಗಿಸಿರುತ್ತಾರೆ. ಗಿಯರ್ ಸನ್ನೆಗೆ ಆಧಾರ, ಮುಂಚಕ್ರಗಳಿಗೆ ಬ್ರೇಕ್ ಕೂರಿಸುವ ಕಿವಿಗಳು ಮೊದಲೇ ಇರುತ್ತವೆ. ಬೈಕ್ ಎಂಜಿನ್ ಬಳಸುವವರು ಹಳೆಯದಾದರೂ ಇಂಥದೇ ಚಾಸಿ ಹುಡುಕುವುದು ಲೇಸು.

ಇನ್ನೂ ಮೇಲಕ್ಕೆ ಹೋದರೆ ಸೂಪರ್‌ಕಾರ್ಟ್. ಎರಡು ಸಿಲಿಂಡರಿನ 250 ಸಿಸಿ ಟು-ಸ್ಟ್ರೋಕ್ ಎಂಜಿನ್, 90ಕ್ಕೂ ಹೆಚ್ಚು ಅಶ್ವಶಕ್ತಿ, ಗಂಟೆಗೆ 250 ಕಿ.ಮೀ. ಆಸುಪಾಸಿನ ವೇಗ. ಇವು ಓಡುವುದು ಸಿಲ್ವರ್‌ಸ್ಟೋನ್, ಡಾನಿಂಗ್ಟನ್‌ನಂಥ ಪೂರ್ಣಪ್ರಮಾಣದ ಕಾರ್ ಟ್ರ್ಯಾಕುಗಳಲ್ಲಿ. ಇಷ್ಟು ಶಕ್ತಿಯಿದ್ದರೂ ಸಸ್ಪೆನ್ಷನ್ ಇಲ್ಲ. ಬದಲಾಗಿರುವುದು ಅಳತೆ. ಸಾಮಾನ್ಯ ಕಾರ್ಟ್‌ನ ಮುಂಚಕ್ರ-ಹಿಂಚಕ್ರಗಳ ನಡುವಣ ಅಂತರಕ್ಕೆ ಸಿಐಕೆ ನಿಯಮದಲ್ಲಿ 107 ಸೆಂ.ಮೀ. ಗರಿಷ್ಠ ಮಿತಿಯಾದರೆ, ಸೂಪರ್‌ಕಾರ್ಟ್‌ಗೆ 127 ಸೆಂ.ಮೀ.ವರೆಗೂ ಅವಕಾಶ. ಉದ್ದ ಚಾಸಿ ಮಂದವಾಗಿ ತಿರುಗುತ್ತದೆ, ನೇರ ಹಾದಿಯಲ್ಲಿ ಸ್ಥಿರವಾಗಿರುತ್ತದೆ. ಕೆಳಗಿನ ವರ್ಗಗಳಿಗೂ ಈ ತತ್ವ ಅನ್ವಯಿಸುತ್ತದೆ. ಮಕ್ಕಳ ಕಾರ್ಟ್‌ನ ಗಿಡ್ಡ ಚಾಸಿಗೆ ದೊಡ್ಡ ಎಂಜಿನ್ ಹಾಕುವ ಸಾಹಸಕ್ಕೆ ಯಾರೂ ಕೈಹಾಕಬಾರದು.

600 ಸಿಸಿಯ ನಾಲ್ಕು ಸಿಲಿಂಡರ್ ಬೈಕ್ ಎಂಜಿನ್ ಹಾಕಬಹುದೇ ಎಂದು ಕೇಳುವವರೂ ಇದ್ದಾರೆ. ಎಂಜಿನ್, ರೇಡಿಯೇಟರ್, ನೀರು ಎಲ್ಲ ಸೇರಿದರೆ ಪಕ್ಕದಲ್ಲಿ ಇನ್ನೊಬ್ಬ ಮನುಷ್ಯನನ್ನು ಕೂರಿಸಿದಂತೆ. ಅದನ್ನು ಹೊರುವುದು ಗೋ-ಕಾರ್ಟ್ ಚಾಸಿಯ ಕೆಲಸವಲ್ಲ. ಸ್ವೀಡನ್‌ನಲ್ಲಿ ಬೆಳೆದ ಕ್ರಾಸ್‌ಕಾರ್ಟ್ ಎಂಬ ವಾಹನದಲ್ಲಿ 650 ಸಿಸಿ ವರ್ಗವೂ ಇದೆ. ಆದರೆ ಅದಕ್ಕೆ ನಾಲ್ಕೂ ಚಕ್ರಗಳಿಗೆ ಸಸ್ಪೆನ್ಷನ್, ಚಾಲಕನ ಸುತ್ತ ಉಕ್ಕಿನ ಪಂಜರ, ಸೀಟ್ ಬೆಲ್ಟ್ ಉಂಟು. ಎಂಜಿನ್ ಇರುವುದು ಚಾಲಕನ ಹಿಂದೆ. ಅದು ಬೇರೆಯೇ ಜಾತಿ.

ಅಚ್ಚು, ಚೈನು, ಬ್ರೇಕು

ಚಾಸಿ ಕೊಳ್ಳುವಾಗ ಹಿಂದಿನ ಆಕ್ಸಲ್ ಅನ್ನು ಗಮನಿಸದವರೇ ಹೆಚ್ಚು. ಹಳೆಯ ಚಾಸಿಗಳಲ್ಲಿ 25 ಅಥವಾ 30 ಮಿ.ಮೀ. ಆಕ್ಸಲ್ ಇರುತ್ತದೆ, ಈಚಿನ ದೊಡ್ಡವರ ರೇಸಿಂಗ್ ಚಾಸಿಗಳಲ್ಲಿ 50 ಮಿ.ಮೀ.ನ ಟೊಳ್ಳು ಆಕ್ಸಲ್. ದೊಡ್ಡ ಎಂಜಿನ್‌ಗೆ ಎರಡರ ಬದಲು ಮೂರು ಬೇರಿಂಗ್‌ಗಳ ಆಧಾರವಿರುವ ಚಾಸಿ ಮೇಲು.

ಬೈಕ್ ಎಂಜಿನ್ ಬಳಸುವವರು ಮರೆಯುವ ಸಂಗತಿ ಇನ್ನೊಂದಿದೆ. ಎಂಜಿನ್‌ನ ಟಾರ್ಕ್ ಅಂದರೆ ತಿರುಗುಬಲ 11 ನ್ಯೂಟನ್ ಮೀಟರ್ ಎಂದು ಕಂಪನಿಯ ಕೈಪಿಡಿಯಲ್ಲಿದ್ದರೆ ಅದು ಕ್ರ್ಯಾಂಕ್‌ನಲ್ಲಿ ಸಿಗುವ ಬಲ. ಒಳಗಿನ ಮೊದಲ ಹಂತದ ಹಲ್ಲುಚಕ್ರಗಳಲ್ಲಿ ಮೂರರಷ್ಟು, ಮೊದಲ ಗಿಯರ್‌ನಲ್ಲಿ ಮತ್ತೆ ಮೂರರಷ್ಟು ಹೆಚ್ಚಿ, ಹೊರಗಿನ ಸ್ಪ್ರಾಕೆಟ್‌ಗೆ ಬರುವಾಗ ಸುಮಾರು ನೂರು ನ್ಯೂಟನ್ ಮೀಟರ್ ಆಗಿರುತ್ತದೆ. ರೋಟಾಕ್ಸ್ ಕಾರ್ಟ್‌ನ 219 ಅಳತೆಯ ಸಣ್ಣ ಚೈನ್ ಇದನ್ನು ತಾಳದು. ಕೆಜೆಡ್ ಕಾರ್ಟ್‌ಗಳಲ್ಲಿ ಬೈಕಿನದೇ 428 ಚೈನ್ ಬಳಸುವುದು ಇದಕ್ಕಾಗಿ. ಚೈನ್ ಎಳೆದಾಗ ಎಂಜಿನ್ ಮುಂದೆ-ಹಿಂದೆ ಅಲುಗದಂತೆ ಎರಡು ಕೊಳವೆಗಳನ್ನು ಕಚ್ಚಿಹಿಡಿಯುವ ಮೌಂಟ್ ಬೇಕು. ಕೊಳವೆಗೆ ನೇರವಾಗಿ ರಂಧ್ರ ಕೊರೆದು ಬೋಲ್ಟ್ ಹಾಕುವುದು ಸರ್ವಥಾ ಕೂಡದು.

ಬ್ರೇಕ್ ವಿಷಯಕ್ಕೆ ಬಂದರೆ, ಒಂದು ಉದಾಹರಣೆಯಿಂದ ಪರಿಸ್ಥಿತಿ ಅರ್ಥವಾದೀತು. ಜಿಎಕ್ಸ್200 ಎಂಜಿನ್‌ನ ಗರಿಷ್ಠ ಟಾರ್ಕ್ ಸುಮಾರು 12.4 ನ್ಯೂಟನ್ ಮೀಟರ್. ಆರಕ್ಕೊಂದರ ಸ್ಪ್ರಾಕೆಟ್ ಅನುಪಾತದಲ್ಲಿ ಆಕ್ಸಲ್‌ಗೆ 74 ಸಿಗುತ್ತದೆ. 11 ಇಂಚಿನ ಟೈರ್ ಇದ್ದರೆ 3,600 ಸುತ್ತುಗಳಲ್ಲಿ ವೇಗ ಗಂಟೆಗೆ 31-32 ಕಿ.ಮೀ. ಜಿಎಕ್ಸ್390ರ ಟಾರ್ಕ್ 26.5. ಅನುಪಾತವನ್ನು ಮೂರಕ್ಕೆ ಇಳಿಸಿದರೂ ಆಕ್ಸಲ್‌ಗೆ 79 ಸಿಗುತ್ತದೆ, ವೇಗ ಮಾತ್ರ 63 ಕಿ.ಮೀ. ಅಂದರೆ ಹೊರಡುವಾಗಿನ ಎಳೆತ ಹೆಚ್ಚುಕಡಿಮೆ ಅಷ್ಟೇ, ವೇಗ ಇಮ್ಮಡಿ. ನಿಲ್ಲಿಸುವಾಗ ಬ್ರೇಕ್ ನುಂಗಬೇಕಾದ ಚಲನಶಕ್ತಿ, ಹೆಚ್ಚಿದ ತೂಕವನ್ನೂ ಸೇರಿಸಿದರೆ, ನಾಲ್ಕು ಪಟ್ಟಿಗೂ ಅಧಿಕ. ಹಳೆಯ ಚಾಸಿಯ ತಂತಿ ಎಳೆಯುವ ಬ್ರೇಕ್ ಇಲ್ಲಿ ನಿಷ್ಪ್ರಯೋಜಕ. ಹೈಡ್ರಾಲಿಕ್ ಬ್ರೇಕ್ ಇರಲೇಬೇಕು. ಹಿಂದೆ ಮಾತ್ರ ಬ್ರೇಕ್ ಇದ್ದರೆ, ನಿಲ್ಲಿಸುವಾಗ ಭಾರ ಮುಂದಕ್ಕೆ ವಾಲಿ ಹಿಂಚಕ್ರ ಜಾಮ್ ಆಗುತ್ತದೆ, ಕಾರ್ಟ್ ಗಿರಕಿ ಹೊಡೆಯುತ್ತದೆ. ಗಿಯರ್ ವರ್ಗಗಳಿಗೆ ನಾಲ್ಕೂ ಚಕ್ರಗಳ ಮೇಲೆ, ಮುಂದಕ್ಕೂ ಹಿಂದಕ್ಕೂ ಪ್ರತ್ಯೇಕ ವ್ಯವಸ್ಥೆಯ ಬ್ರೇಕ್ ಕಡ್ಡಾಯಗೊಳಿಸಿರುವುದು ಸುಮ್ಮನಲ್ಲ. ಹೆಚ್ಚಿನ ವೇಗ ಬೇಕೆಂದು 3,600 ಸುತ್ತುಗಳ ಮಿತಿ ಕಾಯುವ ಗವರ್ನರ್ ಅನ್ನು ಕಿತ್ತುಹಾಕುವ ಪರಿಪಾಠವೂ ಇದೆ. ಆ ಎಂಜಿನ್‌ನ ಕನೆಕ್ಟಿಂಗ್ ರಾಡ್ ಮತ್ತು ಎರಕದ ಫ್ಲೈವೀಲ್ ಅದಕ್ಕಾಗಿ ತಯಾರಾದವಲ್ಲ. ಸಿಡಿದರೆ ಚೂರುಗಳು ಹಾರುವುದು ಚಾಲಕನ ಸೊಂಟದೆತ್ತರದಲ್ಲಿ.

ತಿರುಗುವ ಆಕ್ಸಲ್ ಮತ್ತು ಚೈನ್‌ಗೆ ಮುಚ್ಚಳ ಹಾಕಲು ಜಾಗವಿಲ್ಲದ ಚಾಸಿಯನ್ನು, ಎಷ್ಟೇ ಅಗ್ಗವಾಗಿ ಸಿಕ್ಕರೂ, ಬಿಡುವುದೇ ಒಳಿತು. 2018ರ ಫೆಬ್ರುವರಿಯಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ, 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್ ಹೊರವಲಯದಲ್ಲಿ ಮನರಂಜನೆಗಾಗಿ ಕಾರ್ಟ್ ಏರಿದ್ದ ಇಬ್ಬರು ಮಹಿಳೆಯರು, ತಿರುಗುವ ಭಾಗಕ್ಕೆ ಕೂದಲು ಸಿಕ್ಕಿ ಪ್ರಾಣ ಕಳೆದುಕೊಂಡರು. ಅವು ರೇಸಿನ ಕಾರ್ಟ್‌ಗಳಲ್ಲ, ದಿನನಿತ್ಯ ಬಾಡಿಗೆಗೆ ಓಡುವಂಥವು. ಸೀಟಿನ ಬೆನ್ನಿಗೂ ಆಕ್ಸಲ್‌ಗೂ ನಡುವೆ ಇರುವುದು ಗೇಣು ಅಂತರ. ದೊಡ್ಡ ಎಂಜಿನ್ ಕೂರಿಸಲು ಸೀಟನ್ನು ಹಿಂದೆ ಸರಿಸಿದರೆ ಅದೂ ಉಳಿಯುವುದಿಲ್ಲ.

ಹಳೆಯ ಚಾಸಿ ಕೊಳ್ಳುವಾಗ

ಹೊಸ ರೇಸಿಂಗ್ ಚಾಸಿ ಬಹುಪಾಲು ಆಮದಿನದು, ದುಬಾರಿ. ಹೀಗಾಗಿ ನಮ್ಮಲ್ಲಿ ಹಳೆಯ ಚಾಸಿಗಳಿಗೇ ಬೇಡಿಕೆ. ಬಣ್ಣ ನೋಡಿ ಮರುಳಾಗಬೇಡಿ; ಮೊದಲು ಅದನ್ನು ಬೋರಲು ಹಾಕಿ. ನೆಲಕ್ಕೆ ಉಜ್ಜಿ ಕೊಳವೆಯ ತಳ ಚಪ್ಪಟೆಯಾಗಿರುತ್ತದೆ. ಆ ಚಪ್ಪಟೆ ಪಟ್ಟಿಯ ಅಗಲವನ್ನು ಅಳೆಯಿರಿ. 30 ಮಿ.ಮೀ. ಕೊಳವೆಯಲ್ಲಿ ಪಟ್ಟಿ 10 ಮಿ.ಮೀ. ಅಗಲವಿದ್ದರೆ ಸುಮಾರು 0.86 ಮಿ.ಮೀ. ಲೋಹ ಸವೆದಿದೆ ಎಂದು ಲೆಕ್ಕ, ಎರಡು ಮಿ.ಮೀ. ಗೋಡೆಯಲ್ಲಿ ಉಳಿದದ್ದು ಅರ್ಧಕ್ಕಿಂತ ತುಸು ಹೆಚ್ಚು. 13 ಮಿ.ಮೀ. ಇದ್ದರೆ ಉಳಿದಿರುವುದು ಅರ್ಧ ಮಿ.ಮೀ. ಮಾತ್ರ. 15 ಮುಟ್ಟಿದರೆ ಕೊಳವೆ ತೂತು. ದೊಡ್ಡ ಎಂಜಿನ್ ಹೊರಬೇಕಾದ ಚಾಸಿಯಲ್ಲಿ 10 ಮಿ.ಮೀ. ಅಗಲದ ಸವೆತವನ್ನೂ ಒಪ್ಪಬಾರದೆಂಬುದು ಈ ಲೇಖಕನ ಅಭಿಪ್ರಾಯ.

ಬಳಿಕ ಸಮತಟ್ಟಾದ ನೆಲದ ಮೇಲಿಟ್ಟು ಎಡ ತಿರುಗುಗೂಟದಿಂದ ಬಲ ಹಿಂಬೇರಿಂಗ್‌ಗೆ, ಬಲದಿಂದ ಎಡಕ್ಕೆ ಎರಡು ಕರ್ಣಗಳನ್ನು ಅಳೆಯಬೇಕು. ಕೆಲವು ಚಾಸಿಗಳು ವಿನ್ಯಾಸದಲ್ಲೇ ಎಡಬಲ ಭಿನ್ನವಾಗಿರುವುದುಂಟು. ಉಳಿದವುಗಳಲ್ಲಿ ಎರಡೂ ಅಳತೆ ಸಮವಾಗಿರಬೇಕು. ಯಾರ ಜತೆ ಕೊಳ್ಳಲು ಹೋಗುತ್ತೀರೋ ಅವರ ಕೈಯಲ್ಲಿ ಎಂಜಿನ್ ಮೌಂಟ್ ಅನ್ನೂ ಒಯ್ಯುವುದು ಮೇಲು. ಎಂಜಿನ್ ಕೊಳವೆಗಳ ನಡುವಣ ಅಂತರ ಎಲ್ಲ ಚಾಸಿಗಳಲ್ಲೂ ಒಂದೇ ಇರುವುದಿಲ್ಲ.

ಕಟ್ಟಿದ ಕಾರ್ಟ್ ಅನ್ನು ಓಡಿಸುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಒಂದೇ: ಟ್ರ್ಯಾಕ್. ಗೋ-ಕಾರ್ಟ್‌ಗೆ ನೋಂದಣಿ ಸಿಗದ ಕಾರಣ ಸಾರ್ವಜನಿಕ ರಸ್ತೆಗಿಳಿಸುವಂತಿಲ್ಲ. ಬಡಾವಣೆಯ ಖಾಲಿ ರಸ್ತೆಯೂ ಸಾರ್ವಜನಿಕ ರಸ್ತೆಯೇ. ಸ್ಪರ್ಧೆಗಿಳಿಯುವವರು ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ ನಿಯಮಗಳನ್ನು ಮೊದಲೇ ಓದಿಕೊಳ್ಳಬೇಕು.

ಮೊದಲ ಓಟ ಅರ್ಧ ಗಂಟೆ ಮೀರದಿರಲಿ. ಆಮೇಲೆ ಎಂಜಿನ್ ಕೊಳವೆ, ಸೀಟಿನ ಆಧಾರಪಟ್ಟಿ, ಬೇರಿಂಗ್ ಹಿಡಿಕೆ, ಈ ಮೂರು ಜಾಗಗಳ ಬೆಸುಗೆಗಳನ್ನು ಸ್ವಚ್ಛಗೊಳಿಸಿ, ಎಂಜಿನ್ ಪೂರ್ತಿ ತಣಿದ ಬಳಿಕ ಸೀಮೆಎಣ್ಣೆ ಸವರಿ ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ. ಅದರ ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಹಚ್ಚಿ. ಕಣ್ಣಿಗೆ ಕಾಣದ ಬಿರುಕಿದ್ದರೆ ಒಳಗೆ ಇಳಿದಿದ್ದ ಎಣ್ಣೆ ಹೊರಬಂದು ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಕಂಡರೆ ಎಂಜಿನ್ ಇಳಿಸಿ.